ಉತ್ತರದ ಕಿಟಕಿ ಮುಚ್ಚಿದ ದ್ಯಾಮಕ್ಕ

ಎಲ್ಲರೂ ಕೂತಿರಾ? ಮೊದಲು ಒಂದು ಸಲ ಕೈ ಮುಗಿಯಿರಿ, ಆಮೇಲೆ ಕಿವಿ ಕೊಡಿ. ಇದು ದೇವರ ಹೆಸರು ಬರುವ ಕಥೆ. ಆ ಹೆಸರನ್ನು ಸೌದೆಯ ಜೊತೆ ಹೊರೆ ಕಟ್ಟಿ ಮಾರಿದವನ ಕಥೆಯೂ ಹೌದು. ಹೇಳುತ್ತಾ ನನ್ನ ದನಿ ಒಂದಿಷ್ಟು ಏರಿದರೆ ತಾಯಿ ಮನ್ನಿಸಲಿ, ನೀವೂ ಮನ್ನಿಸಿ.

ಏಳು ಬೆಟ್ಟಗಳಿಗೆ ಹೆಸರಿಟ್ಟು, ಎಂಟನೆಯದಕ್ಕೆ ಹೆಸರು ಹುಡುಕುತ್ತಿದ್ದ ಕಾಲ. ಆ ಎಂಟನೆಯ ಬೆಟ್ಟದ ಮೇಲೆ ಒಂದು ಊರು. ಎಂಥ ಊರು? ಮಳೆಯ ಬದಲು ಮಂಜು ಸುರಿಯುವ ಊರು. ನಾಲ್ಕು ತಿಂಗಳು ನೆಲ ಕಾಣುವುದಿಲ್ಲ, ಹಳ್ಳ ಹರಿಯುವುದಿಲ್ಲ, ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ. ಅಂಥ ಕಡೆ ಮನೆಯೊಳಗೆ ಹಗಲೂ ಇರುಳೂ ಬೆಂಕಿ ಇರಲೇಬೇಕು.

ಆ ಊರಿನ ತಾಯಿ ಮಂಜವ್ವ. ಚಳಿಗಾಲದ ಮೊದಲ ದಿನ ಅವಳು ಉತ್ತರದಿಂದ ಬರುತ್ತಾಳೆ ಅಂತ ಜನರ ನಂಬಿಕೆ. ಹಿರಿಯರ ಕಾಲದಲ್ಲಿ ಆ ಒಂದು ದಿನ, ಒಂದೇ ಒಂದು ದಿನ, ಉತ್ತರದ ಕಿಟಕಿ ತೆಗೆದು, ದೀಪ ಇಟ್ಟು, ತಾಯೀ ಬಾ ಅಂತ ಕರೆದು, ಮತ್ತೆ ಮುಚ್ಚಿಬಿಡುತ್ತಿದ್ದರು. ಚೆಂದದ ಪದ್ಧತಿ ಅಲ್ಲವೇ? ನನಗೂ ಚೆಂದವೇ.

ಈಗ ಕೇಳಿ. ಆ ಊರಿನ ಕಾಡೆಲ್ಲ ಭದ್ರಪ್ಪ ಅನ್ನುವ ಧಣಿಯ ಗುತ್ತಿಗೆ. ಅವನ ಅಂಗಳ ಬಿಟ್ಟರೆ ಬೇರೆ ಕಡೆ ಒಂದು ಕಡ್ಡಿ ಸೌದೆ ಸಿಗದು. ಒಂದು ಹೊರೆ ಸೌದೆಗೆ ಬೇಸಿಗೆಯಲ್ಲಿ ಒಂದು ದಿನ ಅವನ ಹೊಲದಲ್ಲಿ ದುಡಿಯಬೇಕು, ಅದು ಕರಾರು. ಒಂದು ವರ್ಷ ಭದ್ರಪ್ಪನಿಗೆ ಕನಸು ಬಿತ್ತಂತೆ. ಮಂಜವ್ವ ಬಂದು, "ನನಗೆ ಒಂದು ದಿನ ಸಾಲದು, ಕಿಟಕಿ ಒಂದು ತಿಂಗಳು ತೆರೆದಿರಲಿ" ಅಂದಳಂತೆ. ಮರುವರ್ಷ ಇನ್ನೊಂದು ಕನಸು. ಎರಡು ತಿಂಗಳು. ಅದರ ಮರುವರ್ಷ ಮತ್ತೊಂದು. ಚಳಿಗಾಲ ಪೂರ್ತಿ ತೆರೆದಿರಲಿ, ಒಲೆಯೂ ದೊಡ್ಡದಾಗಿ ಉರಿಯಲಿ, ನನ್ನ ಮಕ್ಕಳ ಬೆಂಕಿ ನನಗೆ ದೂರದಿಂದಲೇ ಕಾಣಲಿ ಅಂದಳಂತೆ.

ನಾನು ಕೇಳುತ್ತೇನೆ. ಅಷ್ಟು ಜನರಿರುವ ಊರಲ್ಲಿ ತಾಯಿಗೆ ಕನಸಲ್ಲಿ ಬಂದು ಹೇಳಲು ಸೌದೆ ಮಾರುವವನೊಬ್ಬನೇ ಸಿಕ್ಕಿದನೇ? ಯಾರೂ ಕೇಳಲಿಲ್ಲ. ಪಾಪ, ನಂಬುವ ಜನ. ದಿನಕ್ಕೆ ಒಂದು ಹೊರೆ ಉರಿಯುತ್ತಿದ್ದ ಮನೆಯಲ್ಲಿ ಮೂರು ಹೊರೆ ಉರಿಯತೊಡಗಿತು. ಬೇಸಿಗೆ ಬಂದರೆ ಊರಿಗೆ ಊರೇ ಭದ್ರಪ್ಪನ ಹೊಲದಲ್ಲಿ ಬಗ್ಗಿ ನಿಂತಿರುತ್ತಿತ್ತು.

ಆ ಊರಲ್ಲಿ ದ್ಯಾಮಕ್ಕ ಅಂತ ಒಬ್ಬ ವಿಧವೆ. ಮಗಳು ನಿಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಮಗು ಹುಟ್ಟಿತು. ಮಗುವಿಗೆ ಏಳು ದಿನ ಆದಾಗ ಬೆಟ್ಟದ ಮೇಲೆ ಯಾರೂ ಕಂಡರಿಯದ ಚಳಿ ಇಳಿಯಿತು. ಉತ್ತರದ ಕಿಟಕಿಯಿಂದ ಮಂಜಿನ ಪುಡಿ ಹಾರಿಬಂದು ಬಾಣಂತಿಯ ಕಂಬಳಿಯ ಮೇಲೆ ಕೂರುತ್ತಿತ್ತು. ಮಗುವಿನ ತುಟಿ ನೀಲಿಯಾಯಿತು. ಅಳುವುದಕ್ಕೂ ಅದಕ್ಕೆ ಶಕ್ತಿ ಸಾಲದು.

ದ್ಯಾಮಕ್ಕ ಭದ್ರಪ್ಪನ ಜಗಲಿಗೆ ಓಡಿದಳು. "ಧಣಿ, ಸೌದೆ ಮುಗಿದಿದೆ. ನನ್ನ ಬೇಸಿಗೆಯೆಲ್ಲ ಆಗಲೇ ನಿಮಗೆ ಬರೆದುಕೊಟ್ಟಿದೀನಿ. ಇನ್ನೊಂದು ಹೊರೆ ಕೊಡಿ."

"ಬರುವ ವರ್ಷದ ಬೇಸಿಗೆಯೂ ಉಂಟಲ್ಲಮ್ಮ," ಅಂದ ಭದ್ರಪ್ಪ. "ಈ ಚಳಿಯಲ್ಲಿ ಹೊರೆಗೆ ಒಂದು ದಿನ ಸಾಲದು. ಅದನ್ನೂ ಪೂರ್ತಿ ಕೊಡು, ತಗೊಂಡು ಹೋಗು."

ಕೊಟ್ಟಳು. ತಂದಳು. ಉರಿಸಿದಳು. ಬೆಂಕಿ ಭರ್ರೆಂದಿತು, ಶಾಖ ಸರ್ರೆಂದು ಕಿಟಕಿಯಿಂದ ಆಚೆ ಹೋಯಿತು. ಮಗುವಿನ ಕಾಲು ಬೆಚ್ಚಗಾಗಲಿಲ್ಲ.

ಎರಡನೆಯ ಸಲ ಹೋದಳು. "ಧಣಿ, ಇನ್ನೊಂದು ಹೊರೆ."

"ನಿನ್ನದು ಮುಗೀತು. ಮಗಳು ಇದ್ದಾಳಲ್ಲ, ಗಟ್ಟಿ ಹೆಣ್ಣು. ಬಾಣಂತನ ಮುಗಿದ ಮೇಲೆ ಅವಳೇ ಬಂದು ದುಡಿಯಲಿ."

ಹಲ್ಲು ಕಚ್ಚಿ ಒಪ್ಪಿದಳು. ತಂದಳು. ಉರಿಸಿದಳು. ಅದರಲ್ಲೂ ಅರ್ಧ ಕಿಟಕಿಯ ಪಾಲಾಯಿತು.

ಮೂರನೆಯ ಸಲ ಹೋದಳು. ಭದ್ರಪ್ಪ ಅವಳನ್ನು ನೋಡಿ ಮೆಲ್ಲಗೆ ನಕ್ಕ. ಎಷ್ಟು ಸಲೀಸಾಗಿ ಅಂದ ಕೇಳಿ. "ಮಗು ಹೆಣ್ಣು ಅಂದ್ರಲ್ಲ? ಚಿಂತೆ ಇಲ್ಲ. ಹತ್ತು ವರ್ಷ ಆಗಲಿ, ಅದನ್ನು ಕಳಿಸು. ನಾನು ಕಾಯ್ತೀನಿ. ನನಗೇನು ಅವಸರ?"

ಏಳು ದಿನದ ಕೂಸು. ಅದರ ಕಣ್ಣು ಇನ್ನೂ ಸರಿಯಾಗಿ ಬೆಳಕು ಕಂಡಿಲ್ಲ. ಅದರ ಬೆನ್ನಿಗೆ ಆಗಲೇ ಹೊರೆ ಗೊತ್ತು ಮಾಡಿದ ನೋಡಿ ಪುಣ್ಯಾತ್ಮ.

ದ್ಯಾಮಕ್ಕ ತಿರುಗಿ ನಡೆದಳು. ಬರಿಗೈಯಲ್ಲಿ ಮನೆಗೆ ಬಂದಳು. ಕಾಲು ತೊಳೆದು ಮಂಜವ್ವನ ಗೂಡಿನ ಮುಂದೆ ಕೂತಳು. "ತಾಯೀ, ನನಗೆ ತಿಳಿಯದು, ನೀನೇ ತಿಳಿಸು," ಅಂತ ದೀಪ ಹಚ್ಚಿದಳು. ಕಿಟಕಿಯ ಗಾಳಿ ಬಂದು ದೀಪ ಆರಿತು. ಮತ್ತೆ ಹಚ್ಚಿದಳು. ಮತ್ತೆ ಆರಿತು. ಮೂರನೆಯ ಸಲ ಸೆರಗು ಅಡ್ಡ ಹಿಡಿದು ಹಚ್ಚಿದಳು. ಸೆರಗಿನ ಮರೆಯಲ್ಲಿ ದೀಪ ನೆಟ್ಟಗೆ ನಿಂತಿತು.

ದ್ಯಾಮಕ್ಕ ಆ ದೀಪವನ್ನೇ ನೋಡುತ್ತಾ ಕೂತಳು. ತಾಯಿ ಅವಳ ಕನಸಿಗೆ ಬರಲಿಲ್ಲ, ಮೈಮೇಲೂ ಬರಲಿಲ್ಲ. ಆದರೆ ಅವಳಿಗೆ ಅನ್ನಿಸಿತು, ಕಿಟಕಿ ತೆಗಿ ಅಂತ ಹೇಳಿದವಳು ತನ್ನ ದೀಪವನ್ನು ತಾನೇ ಯಾಕೆ ಆರಿಸಿಕೊಳ್ಳುತ್ತಾಳೆ?

ಎದ್ದಳು. ಮಂಚದ ಹಲಗೆ ಕಿತ್ತು ಉತ್ತರದ ಕಿಟಕಿಗೆ ಅಡ್ಡ ಇಟ್ಟಳು. ಹುಲ್ಲು ತುರುಕಿದಳು. ಸಗಣಿ, ಮಣ್ಣು, ಹೊಟ್ಟು ಕಲಸಿ ಗೋಡೆಯ ಬಿರುಕಿಗೆಲ್ಲ ಮೆತ್ತಿದಳು. ಬಾಗಿಲಿನ ಹಿಂದೆ ಕಂಬಳಿ ಇಳಿಬಿಟ್ಟಳು, ಹೊಸ್ತಿಲ ಸಂದಿಗೆ ಮರಳು ತುಂಬಿದ ಚೀಲ ಇಟ್ಟಳು. ಹೊಗೆ ಹೋಗಲಿಕ್ಕೆ ಸೂರಿನಲ್ಲಿದ್ದ ಹೊಗೆಗೂಡನ್ನು ಮಾತ್ರ ಮುಟ್ಟಲಿಲ್ಲ. ಹೊಗೆ ಒಳಗೆ ನಿಂತರೆ ಚಳಿಗಿಂತ ಬೇಗ ಕೊಲ್ಲುತ್ತದೆ, ಅದು ಅವಳಿಗೆ ಗೊತ್ತಿತ್ತು. ಆಮೇಲೆ ದೊಡ್ಡ ನಡುಮನೆಯನ್ನು ಬಿಟ್ಟು, ಹಟ್ಟಿಗೆ ಅಂಟಿದ ಪುಟ್ಟ ಕೋಣೆಗೆ ಮಗಳನ್ನೂ ಮೊಮ್ಮಗಳನ್ನೂ ಕರೆತಂದಳು. ಗೋಡೆಯ ಆಚೆ ಎರಡು ಹಸು, ಈಚೆ ಮೂರು ಜನ. ಒಲೆಯಲ್ಲಿ ಗುಂಡುಕಲ್ಲು ಕಾಯಿಸಿ, ಗೋಣಿಯಲ್ಲಿ ಸುತ್ತಿ, ಬಾಣಂತಿಯ ಕಾಲಡಿ ಇಟ್ಟಳು.

ಮನೆಯಲ್ಲಿ ಉಳಿದಿದ್ದದ್ದು ಅರ್ಧ ಹೊರೆ ಸೌದೆ. ಆ ಅರ್ಧ ಹೊರೆ ಒಂದು ದಿನ ಬಂತು, ಎರಡು ದಿನ ಬಂತು. ಮೂರನೆಯ ದಿನ ಮಗು ಕೆಂಪಗಾಗಿ, ಕೈಕಾಲು ಬಡಿದು, ಬೀದಿಗೆಲ್ಲ ಕೇಳುವ ಹಾಗೆ ಅತ್ತಿತು.

ಆ ಅಳು ಕೇಳಿ ಪಕ್ಕದ ಮನೆಯ ಸಾಕವ್ವ ಬಂದಳು. ಕಿಟಕಿ ನೋಡಿದಳು, ಕೆನ್ನೆಗೆ ಕೈ ಇಟ್ಟುಕೊಂಡಳು.

"ಅಯ್ಯೋ ದ್ಯಾಮಕ್ಕ, ತಾಯಿ ಬರೋ ದಾರಿಗೇ ಹುಲ್ಲು ತುರುಕಿದ್ದೀಯಲ್ಲೇ. ನಿನಗೆ ತಲೆ ಕೆಟ್ಟಿತಾ?"

"ತಲೆ ಕೆಟ್ಟಿಲ್ಲ ಸಾಕವ್ವ. ಮೊದಲು ಕೂತ್ಕೊ. ಬೆಚ್ಚಗಿದೆಯೋ ಇಲ್ಲವೋ ಹೇಳು."

"ಬೆಚ್ಚಗೇನೋ ಇದೆ," ಅಂದಳು ಸಾಕವ್ವ, ಕೂತೂ ಬಿಟ್ಟಳು. ಕೈ ಕಾಯಿಸಿಕೊಂಡಳು, ಮಗುವನ್ನು ಎತ್ತಿ ಮುದ್ದಾಡಿದಳು, ಒಂದು ಲೋಟ ಗಂಜಿ ಕುಡಿದಳು. ಆಮೇಲೆ ಎದ್ದು ಹೋಗಿ ಊರಿಗೆಲ್ಲ ಹೇಳಿದಳು. ಕೆಟ್ಟ ಹೆಂಗಸಲ್ಲ ಅವಳು. ಹೆದರಿದ ಹೆಂಗಸು.

ಮಧ್ಯಾಹ್ನದ ಹೊತ್ತಿಗೆ ಊರ ಯಜಮಾನ ಕಾಳಜ್ಜನ ಮುಂದೆ ಪಂಚಾಯ್ತಿ ಸೇರಿತು. ಭದ್ರಪ್ಪ ನಡುವೆ ಕೂತ. ಕಣ್ಣಲ್ಲಿ ನೀರು ತಂದುಕೊಂಡ. "ನನಗೆ ಸೌದೆಯ ಚಿಂತೆ ಇಲ್ಲ," ಅಂದ. "ತಾಯಿಗೆ ಅವಮಾನ ಆಯ್ತಲ್ಲ, ಅದೇ ಸಂಕಟ. ಕಿಟಕಿ ಒಡೆಸಿ. ಇವತ್ತೇ ಒಡೆಸಿ."

"ಒಡೆದರೆ ಮಗು ಉಳಿಯಲ್ಲ ಅಜ್ಜ," ಅಂದಳು ದ್ಯಾಮಕ್ಕ.

ಕಾಳಜ್ಜ ನೆಲ ನೋಡಿದ. ಒಳ್ಳೆಯ ಮುದುಕ. ಆದರೆ ದೇವರ ಮಾತು ಬಂದಾಗ ಅವನಿಗೂ ನಡುಕ. "ಪದ್ಧತಿ ಇದೆ ತಾಯಿ," ಅಂದ. "ತಪ್ಪು ಮಾಡಿದ ಮನೆಯವರು ತಮ್ಮ ಒಲೆ ಆರಿಸಿ, ಭಕ್ತರ ಮನೆಯ ಉತ್ತರದ ಕಿಟಕಿಯಲ್ಲಿ ಮಡಕೆ ಚಾಚಿ ಮೂರು ಸಲ ಕೆಂಡ ಬೇಡಬೇಕು. ಆ ಕೆಂಡದಿಂದ ಒಲೆ ಹೊತ್ತಿಸಿದರೆ ತಪ್ಪು ತೊಳೆದುಹೋಯಿತು. ಆಮೇಲೆ ಕಿಟಕಿ ತೆಗೆಯಲೇಬೇಕು. ಯಾರ ಮನೆಯ ಕೆಂಡ ಬೇಡ್ತೀಯ?"

ದ್ಯಾಮಕ್ಕ ಬಾಯಿ ತೆರೆಯುವ ಮೊದಲೇ ಸಾಕವ್ವ ಅಂದಳು, "ಇನ್ಯಾರ ಮನೆ? ಧಣಿಗಳ ಮನೆಯದೇ. ತಾಯಿ ಕನಸಿಗೆ ಬರೋದು ಅವರಿಗೇ ತಾನೆ?"

"ಹೌದು ಹೌದು," ಅಂದಿತು ಊರು.

ಭದ್ರಪ್ಪನ ಮುಖ ಸಣ್ಣದಾಯಿತು. "ಬೇಡ, ಬೇಡ. ನಾನೆಷ್ಟರವನು? ಬೇರೆ ಯಾರದಾದರೂ ಮನೆ ಆಗಲಿ."

"ನೋಡಿ, ಎಷ್ಟು ವಿನಯ," ಅಂದರು ಜನ. ಅವನು ಬೇಡ ಅಂದಷ್ಟೂ ಅವರ ಭಕ್ತಿ ಹೆಚ್ಚಿತು. ಅವನನ್ನು ಮುಂದೆ ಬಿಟ್ಟುಕೊಂಡು ಅವನ ಮನೆಯ ಹಿತ್ತಲಿಗೆ ನಡೆದರು. ಅದುವರೆಗೆ ಧಣಿಯ ಹಿತ್ತಲಿಗೆ ಯಾರು ಹೋದವರು? ಎಲ್ಲರ ವ್ಯವಹಾರವೂ ಮುಂದಿನ ಜಗಲಿಯಲ್ಲೇ. ಉತ್ತರದ ಕಿಟಕಿ ದೂರದಿಂದ ಕಾಣುತ್ತಿತ್ತು. ಕೆತ್ತನೆಯ ಚೌಕಟ್ಟು, ಮುಂದೆ ದೀಪ, ಹಿಂದೆ ಕಪ್ಪಗೆ ಒಳಮನೆಯ ಕತ್ತಲು.

ದ್ಯಾಮಕ್ಕ ಮಡಕೆ ಹಿಡಿದು ಮುಂದೆ ಹೋದಳು. "ತಾಯಿಯ ಮನೆಯವರೇ, ಕೆಂಡ ಕೊಡಿ," ಅಂದಳು. ಒಳಗಿನಿಂದ ಯಾರೂ ಓಗೊಡಲಿಲ್ಲ. ಎರಡನೆಯ ಸಲ ಕೇಳಿದಳು. ಇಲ್ಲ. ಮೂರನೆಯ ಸಲ ಕೇಳಿ, ಪದ್ಧತಿಯ ಪ್ರಕಾರ ಮಡಕೆಯನ್ನು ಕಿಟಕಿಯೊಳಗೆ ಚಾಚಿದಳು.

ಟಕ್ ಅಂತು ಮಡಕೆ.

ಗಾಳಿಗೆ ಬಡಿದರೆ ಮಡಕೆ ಟಕ್ ಅನ್ನುತ್ತದೆಯೇ? ಕಾಳಜ್ಜ ಮುಂದೆ ಬಂದ. ಕೈ ಇಟ್ಟ. ಕಪ್ಪು ಬಟ್ಟೆ. ಎಳೆದ. ಹಿಂದೆ ಮಣ್ಣಿನ ಗೋಡೆ. ಬೆರಳಿನಿಂದ ಕೆದಕಿದ. ಗೋಡೆಯ ಹೊಟ್ಟೆಯಿಂದ ಒಣ ಹೊಟ್ಟು ಸುರಿಯಿತು, ಸುರಿಯುತ್ತಲೇ ಇತ್ತು. ಎರಡು ಗೋಡೆ ಕಟ್ಟಿ, ನಡುವೆ ಹೊಟ್ಟು ತುಂಬಿಸಿ, ಮುಂದೆ ಕಿಟಕಿಯ ಚೌಕಟ್ಟು ಅಂಟಿಸಿದ್ದ ಮಹಾರಾಯ. ಊರಿಗೆಲ್ಲ ಗಾಳಿ, ತನಗೆ ಹೊಟ್ಟಿನ ಗೋಡೆ.

ಕಾಳಜ್ಜ ಅಂಗೈಯಲ್ಲಿದ್ದ ಹೊಟ್ಟನ್ನು ನೋಡುತ್ತಾ ನಿಂತ. ಆಮೇಲೆ ಅಂದ, "ಹೋದ ವರ್ಷ ನನ್ನ ಹೆಂಡತಿ ನಮ್ಮನೆಯ ಉತ್ತರದ ಕಿಟಕಿ ಕೆಳಗೇ ಕೆಮ್ಮಿ ಕೆಮ್ಮಿ ಹೋದಳು. ಒಂದು ಚೂರು ಮುಚ್ಚಲಾ ಅಂತ ಕೇಳಿದಳು ಭದ್ರಪ್ಪ. ತಾಯಿ ಮುನಿದಾಳು, ಬೇಡ ಅಂದೆ ನಾನು."

ಭದ್ರಪ್ಪ ತುಟಿ ಸವರಿಕೊಂಡ. "ನನಗೆ ಎದೆಯ ಕಾಯಿಲೆ ನೋಡಿ. ಅದಕ್ಕೇ ತಾಯಿ ಇನ್ನೊಂದು ಕನಸಲ್ಲಿ ಬಂದು, ನೀನೊಬ್ಬ ಮುಚ್ಚಿಕೊ ಅಂತ..."

"ಸಾಕು," ಅಂದಳು ದ್ಯಾಮಕ್ಕ. ಜೋರಾಗಿ ಅನ್ನಲಿಲ್ಲ. "ನಮ್ಮ ಬೇಸಿಗೆ ಕೇಳಿದಿರಿ, ಕೊಟ್ಟೆವು. ನನ್ನ ಮಗಳನ್ನ ಕೇಳಿದಿರಿ, ಕೊಟ್ಟೆ. ಏಳು ದಿನದ ಕೂಸನ್ನೂ ಕೇಳಿದಿರಿ. ಅಷ್ಟನ್ನೂ ನಿಮ್ಮ ಹೆಸರಲ್ಲಿ ಕೇಳಿದ್ದರೆ ನೀವೊಬ್ಬ ದುರಾಸೆಯವರು ಅಂದುಕೊಂಡು ಸುಮ್ಮನಾಗ್ತಿದ್ದೆ. ತಾಯಿಯ ಹೆಸರಲ್ಲಿ ಕೇಳಿದಿರಲ್ಲ ಧಣಿ. ಅವಳು ಯಾರ ಮಗುವನ್ನ ಚಳಿಗೆ ನಿಲ್ಲಿಸಿದ್ದಾಳೆ?"

ಅವನ ಉತ್ತರ ಕೇಳಲು ಜನ ನಿಲ್ಲಲಿಲ್ಲ. ಅವರಾಗಲೇ ಹೊರಟಿದ್ದರು. ಎಲ್ಲಿಗೆ? ಅವರವರ ಮನೆಗೆ, ಮಣ್ಣು ಕಲಸಲಿಕ್ಕೆ. ಭದ್ರಪ್ಪನ ಗೋಡೆಯಿಂದ ಸುರಿದ ಹೊಟ್ಟನ್ನೂ ಹೆಂಗಸರು ಸೆರಗಿಗೆ ತುಂಬಿಕೊಂಡೇ ಹೋದರು. ಗೋಡೆಯಲ್ಲಿ ಎಷ್ಟು ದೊಡ್ಡ ತೂತಾಯಿತು, ಆ ಚಳಿಗಾಲ ಅವನಿಗೆ ಎಷ್ಟು ಸೌದೆ ಬೇಕಾಯಿತು ಅಂತ ನನ್ನನ್ನು ಕೇಳಬೇಡಿ.

ಮೂರು ಹೊರೆ ಉರಿಯುತ್ತಿದ್ದ ಮನೆಗಳಲ್ಲಿ ಮತ್ತೆ ಒಂದು ಹೊರೆ ಸಾಕಾಯಿತು. ಊರವರು ಬರೆದುಕೊಟ್ಟ ಕರಾರುಗಳನ್ನೆಲ್ಲ ಕಾಳಜ್ಜ ಪಂಚಾಯ್ತಿಯಲ್ಲಿ ಹರಿದುಹಾಕಿದ, ಸುಳ್ಳು ಹೇಳಿ ಪಡೆದ ದುಡಿಮೆ ದುಡಿಮೆಯಲ್ಲ ಅಂದ. ಬೇಸಿಗೆಯಲ್ಲಿ ಭದ್ರಪ್ಪ ತನ್ನ ಹೊಲದಲ್ಲಿ ತಾನೇ ಬಗ್ಗಿ ನಿಂತದ್ದನ್ನು ಊರು ನೋಡಿತು.

ಸಾಕವ್ವನಿಗೆ ಮಾತ್ರ ಒಂದು ಅಳುಕು ಉಳಿದಿತ್ತು. ತನ್ನ ಕಿಟಕಿಗೂ ಹಲಗೆ ಬಡಿದು, ದ್ಯಾಮಕ್ಕನ ಪುಟ್ಟ ಕೋಣೆಗೆ ಬಂದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳಿದಳು. "ಎಲ್ಲ ಸರಿ ಕಣೆ. ನಾವೆಲ್ಲ ಮುಚ್ಚಿಕೊಂಡು ಕೂತರೆ ತಾಯಿ ಒಳಗೆ ಬರೋದು ಹೇಗೆ?"

"ಬಾಗಿಲು ತಟ್ಟುತ್ತಾಳೆ, ತೆಗೀತೀವಿ," ಅಂದಳು ದ್ಯಾಮಕ್ಕ, ಕಲ್ಲು ಕಾಯಿಸುತ್ತಾ. "ಒಳಗೆ ಬಂದ ಮೇಲೆ ಬೇಗ ಮುಚ್ಚೋಣ. ಉತ್ತರದಿಂದ ಅಷ್ಟು ದೂರ ಮಂಜಲ್ಲಿ ನಡೆದು ಬಂದಿರ್ತಾಳೆ. ಅವಳಿಗೂ ಚಳಿ ಆಗಲ್ವಾ?"

ಕೆಂಡ ಬೂದಿ ಹೊದ್ದು ಮಲಗಿತು, ಕಥೆ ನನ್ನ ನಾಲಿಗೆಯಿಂದ ಇಳಿದು ನಿಮ್ಮ ಮಡಿಲಿಗೆ ಬಂತು. ಕೇಳಿದವರ ಮನೆ ಬೆಚ್ಚಗಿರಲಿ, ಎಳೆಕೂಸುಗಳ ಕಾಲು ಬೆಚ್ಚಗಿರಲಿ, ತಾಯಿ ಎಲ್ಲರ ಬಾಗಿಲನ್ನೂ ಒಂದೊಂದು ಸಲ ತಟ್ಟಲಿ.