ಸಾಹುಕಾರ ಕಟ್ಟಿಸಿದ ಮೆಟ್ಟಿಲು

ಒಂದು ಹೊಳೆ, ಹೊಳೆಯ ದಂಡೆಗೊಂದು ಊರು, ಆ ಊರಿಗೊಬ್ಬ ಸಾಹುಕಾರ. ಅವನ ಒಬ್ಬಳೇ ಮಗಳಿಗೆ ಬೇಸಿಗೆಯಲ್ಲಿ ದಿನ ತುಂಬುವುದಿತ್ತು. ಆ ಮನೆತನದಲ್ಲಿ ಬಾಣಂತಿ ಹೊಳೆಗೆ ಹೋಗಿ, ಗಂಗೆ ಪೂಜೆ ಮಾಡಿ, ಕೊಡ ತುಂಬಿ ತಂದ ಮೇಲೆಯೇ ಅಡುಗೆಮನೆಗೆ ಕಾಲಿಡಬೇಕು. ಆದರೆ ನೀರೆಲ್ಲಿದೆ? ಮಳೆಗಾಲ ಮುಗಿದರೆ ಸಾಹುಕಾರನ ಮನೆ ಮುಂದೆ ಹರಿಯುವ ಹೊಳೆಯಲ್ಲಿ ಬರೀ ಹೂಳು, ಜಾಲಿ. ಬೀಗರ ಎದುರು ಮಗಳು ಬರಿ ಕೊಡ ಹಿಡಿದು ನಿಲ್ಲಬಾರದು ಎಂಬುದೇ ಅವನ ಚಿಂತೆ. ಹೊಳೆಯನ್ನು ಬದುಕಿಸುತ್ತೇನೆ ಎಂದು ಹೊರಟ. ಒಳ್ಳೆಯ ಸಂಕಲ್ಪವೇ, ತಪ್ಪೇನಿಲ್ಲ.

ಹೊಳೆಗಳ ಆರೋಗ್ಯ ಪರೀಕ್ಷೆಯನ್ನೇ ಓದಿಕೊಂಡ ಒಬ್ಬ ಹೆಣ್ಣುಮಗಳನ್ನು ಕರೆಸಿದ. ಮನೆ ಮುಂದೆ ಆಕೆ ನಿಲ್ಲಲೇ ಇಲ್ಲ, ನೋಡಿ. ಹೊಳೆಗೆ ನೀರು ತರುವ ಹಳ್ಳಗಳನ್ನು ಹುಡುಕಿಕೊಂಡು ಗುಡ್ಡ ಹತ್ತಿದಳು. ಯಾವ ದಂಡೆಯಲ್ಲಿ ಮರ ಉಳಿದಿದೆ, ಎಲ್ಲಿ ಮಣ್ಣು ಕೊಚ್ಚುತ್ತಿದೆ, ಒಳ್ಳೆಯ ನೀರಲ್ಲಷ್ಟೇ ಬದುಕುವ ಹುಳ ಯಾವ ಕಲ್ಲಿನಡಿ ಇದೆ, ಎಲ್ಲ ನೋಡಿ ಬಂದಳು. ಕೆಲವು ಹಳ್ಳ ಸತ್ತೇ ಹೋಗಿವೆ, ಕೆಲವು ಆರೈಕೆ ಮಾಡಿದರೆ ಚೇತರಿಸಿಕೊಂಡಾವು, ಗುಡ್ಡದ ಹಿಂದಿನದೊಂದು ಮಾತ್ರ ಬೇಸಿಗೆಯಲ್ಲೂ ಹರಿಯುತ್ತದೆ ಎಂದಳು. ಮೊದಲು ಅದನ್ನು ಕಾಯಿರಿ, ಆಮೇಲೆ ಕಾಯಿಲೆಯವು, ಮನೆ ಮುಂದಿನ ಹೂಳು ಕಟ್ಟಕಡೆಗೆ; ಈ ವರ್ಷದ ಪೂಜೆ ಆ ಹಳ್ಳದಲ್ಲೇ ಆಗಲಿ ಎಂದಳು.

ಸಾಹುಕಾರನಿಗೆ ಉರಿಯಿತು. ಬಾಣಂತಿಯನ್ನು ಗುಡ್ಡ ಸುತ್ತಿಸಿದರೆ ಬೀಗರು ಏನೆಂದಾರು?

"ಕಾಯಿಲೆ ಬಿದ್ದಿರೋದು ಇಲ್ಲಿ ಕಣಮ್ಮ. ಗಟ್ಟಿಮುಟ್ಟಾಗಿರೋದಕ್ಕೆ ಯಾಕೆ ಮದ್ದು?" ಎಂದ.

"ಯಜಮಾನ್ರೇ, ಸತ್ತಿದ್ದರ ಮುಂದೆ ಅಳ್ತಾ ಕೂತು ಬದುಕಿರೋದನ್ನ ಕೈಬಿಡಬೇಡಿ" ಎಂದು ಆಕೆ ಹೊರಟುಹೋದಳು.

ಅವನು ಕೇಳಲಿಲ್ಲ. ಹೂಳು ತೆಗೆದರೆ ನೀರು ಬಂದೇ ಬರುತ್ತದೆ ಎಂದು ಮನೆ ಮುಂದೆ ಹೂಳು ತೆಗೆಸಿದ, ಕಲ್ಲಿನ ಮೆಟ್ಟಿಲು ಕಟ್ಟಿಸಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕಲ್ಲ. ಅಷ್ಟು ಕಲ್ಲು, ಅಷ್ಟು ಮರಳು ಗುತ್ತಿಗೆದಾರ ಎಲ್ಲಿಂದ ತಂದ? ಸಾಹುಕಾರ ವಿಚಾರಿಸಲಿಲ್ಲ. ಗುಡ್ಡದ ಹಿಂದಿನ ಹಳ್ಳದಿಂದಲೇ ತಂದಿದ್ದ. ಬಂಡೆ ಒಡೆದ, ಮರಳು ಬಗೆದ, ಟ್ರ್ಯಾಕ್ಟರಿಗೆ ಅಡ್ಡವಾದ ಮರ ಕಡಿದ.

ಮಗು ಹುಟ್ಟಿತು. ಪೂಜೆಯ ದಿನ ಬೀಗರೆಲ್ಲ ನೋಡುತ್ತಿದ್ದಂತೆ ಮಗಳು ಮೆಟ್ಟಿಲಿಳಿದಳು. ಕೆಳಗೆ ಒಣ ನೆಲ. ಆಗ ಸಾಹುಕಾರನಿಗೆ ಆ ಹಳ್ಳದ ನೆನಪಾಯಿತು. ಒಂದು ಕೊಡ ನೀರಾದರೂ ತಾ ಎಂದು ಆಳನ್ನು ಓಡಿಸಿದ. ಆಳು ಖಾಲಿ ಕೊಡ ಹಿಡಿದು ಬಂದ.

"ಅಲ್ಲೂ ಇಲ್ಲ ಯಜಮಾನ್ರೇ. ಬರೀ ನಮ್ಮ ಗುತ್ತಿಗೆದಾರನ ಟ್ರ್ಯಾಕ್ಟರ್ ಗಾಲಿ ಗುರುತು."

ಕೊನೆಗೆ ಅಂಗಡಿಯ ಕ್ಯಾನ್ ನೀರು ತರಿಸಿ ಕೊಡಕ್ಕೆ ಸುರಿದರು. ಮಗಳು ಅಪ್ಪನ ಮುಖ ನೋಡಿದಳು.

"ಅಪ್ಪಾ, ನಾನೀಗ ಯಾವ ಗಂಗೆಗೆ ಕೈ ಮುಗೀಲಿ?"

ಸಾಹುಕಾರನ ಕಥೆ ಅಲ್ಲಿಗಿರಲಿ. ಆ ಮಗಳ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇದೆಯೇ? ವರ್ಷಕ್ಕೊಮ್ಮೆ ಪೊರಕೆ ಹಿಡಿದು ಸ್ನಾನಘಟ್ಟ ಗುಡಿಸುತ್ತೀರಿ, ಫೋಟೋ ತೆಗೆಸಿಕೊಳ್ಳುತ್ತೀರಿ. ಸಂತೋಷ. ನಿಮ್ಮ ಬಡಾವಣೆಯ ಹಿಂದಿನ ಹಳ್ಳಕ್ಕೆ ಒಡೆದ ಗೋಡೆಯ ಇಟ್ಟಿಗೆ ಸುರಿದವರು ಯಾರು? ಪರವೂರಿನವರೇ? ಈ ವಾರ ಊರ ಹಳ್ಳಗಳನ್ನು ನಡೆದು ನೋಡಿ ಬನ್ನಿ. ಯಾವುದರಲ್ಲಿ ಇನ್ನೂ ಜೀವವಿದೆಯೋ ಮೊದಲು ಅದಕ್ಕೆ ಕಾವಲು ನಿಲ್ಲಿ, ಉಳಿದವುಗಳ ಆರೈಕೆ ಆಮೇಲೆ. ಮನೆ ಬಾಗಿಲಿಗೆ ಮರಳಿನ ಗಾಡಿ ಬಂದರೆ, ಇಳಿಸುವ ಮೊದಲು ಇದು ಯಾವ ಹಳ್ಳದ್ದಪ್ಪಾ ಎಂದು ಕೇಳಿ. ಉತ್ತರ ಬರದಿದ್ದರೆ ಗಾಡಿ ವಾಪಸ್ ಕಳಿಸಿ. ಮನೆ ಕಟ್ಟುವುದು ಒಂದು ತಿಂಗಳು ತಡವಾದರೆ ಗಂಟೇನೂ ಹೋಗುವುದಿಲ್ಲ. ಆ ಮನೆಯಲ್ಲಿ ನಾಳೆ ನಿಮ್ಮ ಮಗಳೂ ಬಾಣಂತಿಯಾಗುತ್ತಾಳೆ, ಕೊಡ ಹಿಡಿದು ಎಲ್ಲಿಗೆ ಹೋಗಲಿ ಎಂದು ನಿಮ್ಮನ್ನೇ ಕೇಳುತ್ತಾಳೆ.