ಸುಸ್ತು ಎಂದ ತಾಯಿ

ಒಂದು ಪೇಟೆಯಲ್ಲಿ ಒಬ್ಬ ಸಾಹುಕಾರ ಇದ್ದ. ಅವನ ಹೆಸರು ನಮಗೆ ಬೇಡ. ಇಂಗ್ಲಿಷ್ ಬರುತ್ತದೆ ಎಂದು ಬಹಳ ಜಂಬ, ಅಷ್ಟು ಗೊತ್ತಿದ್ದರೆ ಸಾಕು. ಒಂದು ಬೆಳಿಗ್ಗೆ ಅವನ ತಾಯಿ ಎದ್ದವಳು ಮತ್ತೆ ಹಾಸಿಗೆಗೆ ಒರಗಿಬಿಟ್ಟಳು. "ಸುಸ್ತಾ ಅಮ್ಮ?" ಎಂದ. "ಹೂಂ" ಎಂದಳು. ಕಾರು ಹತ್ತಿಸಿ ಆಸ್ಪತ್ರೆಗೆ ಕರೆತಂದ.

ಅಲ್ಲಿ ಹೊರರಾಜ್ಯದ ಹೊಸ ಡಾಕ್ಟರು. ಕನ್ನಡ ಬಾರದು. ಇಂಗ್ಲಿಷಿನಲ್ಲೇ ಕೇಳಿದರು: "ಟಯರ್ಡಾ, ವೀಕಾ?" ನೋಡಿ, ನಮಗೆ ಎರಡೂ ಸುಸ್ತೇ; ಡಾಕ್ಟರಿಗೆ ಟಯರ್ಡ್ ಅಂದರೆ ದಣಿವು, ವೀಕ್ ಅಂದರೆ ಕೈಕಾಲಿನ ಬಲ ಹೋಗುವುದು. ಸಾಹುಕಾರ ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ. "ಟಯರ್ಡ್, ಡಾಕ್ಟ್ರೇ. ಒಂದ್ ಗ್ಲೂಕೋಸ್ ಬಾಟ್ಲಿ ಹಾಕ್ಸಿಬಿಡಿ" ಎಂದು ಇಂಗ್ಲಿಷಿನಲ್ಲೇ ಹೇಳಿದ. ನಗುತ್ತೀರಾ? ನೀವು ಹಾಕಿಸಿಲ್ಲವೇ ಬಾಟ್ಲಿ? ಡಾಕ್ಟರು ಆಗಲಿ ಎಂದು ನರ್ಸನ್ನು ಕರೆದರು.

ಆ ನರ್ಸಮ್ಮನ ಹೆಸರು ಚೆನ್ನಾಜಮ್ಮ. ಈ ಹೆಸರು ನೆನಪಿಡಿ. ಸೂಜಿ ಕೈಯಲ್ಲಿ ಹಿಡಿದವಳು ಚುಚ್ಚಲಿಲ್ಲ. ಮುದುಕಿಯ ಪಕ್ಕ ಕೂತಳು.

"ಅಜ್ಜಿ, ಮೈಯೆಲ್ಲಾ ಸುಸ್ತಾ? ಇಲ್ಲಾ ಒಂದೇ ಕಡೇನಾ?"

"ಎಡಗೈ ಏಳ್ತಾನೇ ಇಲ್ಲ ಕಣವ್ವ. ಬೆಳಿಗ್ಗೆ ಎದ್ದಾಗ ಸರಿಯಾಗೇ ಇತ್ತು, ತಲೆ ಬಾಚ್ಕೊಳಾಣ ಅಂತ ಕೂತೆ, ಬಾಚಣಿಗೆ ಬಿದ್ದೋಯ್ತು."

"ಮಗನ್‌ಗೆ ಹೇಳ್ಲಿಲ್ವಾ?"

"ಅವ್ನು ಸುಸ್ತಾ ಅಂದ. ನಾನು ಹೂಂ ಅಂದೆ."

ಚೆನ್ನಾಜಮ್ಮ ಒಂದೇ ಉಸಿರಿಗೆ ಓಡಿದಳು. "ಸಾರ್, ನಾಟ್ ಟಯರ್ಡ್! ಲೆಫ್ಟ್ ಹ್ಯಾಂಡ್ ವೀಕ್! ಟುಡೇ ಮಾರ್ನಿಂಗ್ ಓನ್ಲಿ!"

ಡಾಕ್ಟರು ಕುರ್ಚಿ ಬಿಟ್ಟು ಎದ್ದರು. ಲಕ್ವ ಹೊಡೆಯುತ್ತಿತ್ತು ಆ ತಾಯಿಗೆ! ಬಾಟ್ಲಿ ಹಾಕಿ ಮಲಗಿಸಿದ್ದರೆ ಕೈ ಹೋಗುತ್ತಿತ್ತು, ಮಾತೂ ಹೋಗುತ್ತಿತ್ತು, ಜೀವ ಉಳಿಯುತ್ತಿತ್ತೋ ಇಲ್ಲವೋ. ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಬಿತ್ತು. ಮೂರನೆಯ ದಿನ ಮುದುಕಿ ಎಡಗೈಯಲ್ಲೇ ಲೋಟ ಎತ್ತಿ ಕಾಫಿ ಕುಡಿದಳು.

ಸಾಹುಕಾರ ಕೈ ಮುಗಿದು ಕೇಳಿದ: "ಇಷ್ಟ್ ಚೆನ್ನಾಗಿ ಇಂಗ್ಲಿಷ್ ಎಲ್ ಕಲಿತ್ರಿ ತಾಯಿ?"

"ಇಂಗ್ಲಿಷ್ ನಂಗಿಂತ ನಿಮ್ಗೇ ಜಾಸ್ತಿ ಬರುತ್ತೆ ಸ್ವಾಮಿ. ನಾನು ಅಜ್ಜೀನ ಕೇಳ್ದೆ, ಅಷ್ಟೇ."

ಆಹಾ! ಎಂಥ ಹೆಂಗಸು! ನನಗೆ ಶಾಸ್ತ್ರ ಕಲಿಸಿದ ಗುರುಗಳಿಗೆ ಮಾಡುವಷ್ಟೇ ನಮಸ್ಕಾರ ಅವಳಿಗೂ ಮಾಡುತ್ತೇನೆ. ಎರಡು ಮಾತಿನ ನಡುವೆ ಒಂದು ಜೀವ ಸಿಕ್ಕಿಕೊಂಡಿತ್ತು, ಅವಳು ಬಿಡಿಸಿದಳು.

ಇನ್ನು ನಿಮ್ಮ ಮಾತು. ಮನೆಯಲ್ಲಿ ಹೆಂಡತಿ ಸುಸ್ತು ಎಂದರೆ ಏನು ಮಾಡುತ್ತೀರಿ? "ಮಲಕೋ ಹೋಗು" ಎನ್ನುತ್ತೀರಿ, ಟಿವಿ ಕಡೆ ತಿರುಗುತ್ತೀರಿ. ತಾಯಿಯ ಉತ್ತರವನ್ನು ನೀವೇ ಹೇಳಿ ಮುಗಿಸುತ್ತೀರಿ. ಬಿಡಿ ಆ ಚಾಳಿಯನ್ನು! ಇವತ್ತು ಮನೆಗೆ ಹೋದವರೇ ಅವರ ಪಕ್ಕದಲ್ಲಿ ಕೂತುಕೊಳ್ಳಿ. ಎಲ್ಲಿ, ಯಾವಾಗಿನಿಂದ, ಹೇಗೆ ಎಂದು ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ, ಅವರು ಹೇಳಿ ಮುಗಿಸುವವರೆಗೆ.