ಮೆಟ್ಟಿಲ ಪಕ್ಕದ ಸ್ವಿಚ್ಚು

ಅಮೆರಿಕದ ಟ್ರಾಯ್ ಊರಿನ ಇಂಡಿಯನ್ ಅಂಗಡಿಯ ಕ್ಯೂನಲ್ಲಿ ನನ್ನ ಮುಂದಿದ್ದ ಯುವತಿ, ಜೊತೆಗಿದ್ದ ಹಿರಿಯ ಹೆಂಗಸಿನ ಕೈಗೆ ಒಂದು ಡಬ್ಬಿ ಇಟ್ಟಳು.

"ಚಕ್ಕುಲಿ, ಫರೀದಾ ಆಂಟಿ. ನಮ್ಮತ್ತೆ ಕೊಟ್ಟಿದ್ದು. ಮನೆ ಬೆಚ್ಚಗೆ ಮಾಡಿದ ಪುಣ್ಯಾತ್ಗಿತ್ತಿಗೆ ಅಂತೆ."

"ನಾನು ಫೋನಲ್ಲಿ ಹೇಳಿದ್ದಷ್ಟೇ ಕಣಮ್ಮ. ಹೀಟಿಂಗ್ ಫರ್ನೇಸ್ ಸ್ವಿಚ್ಚೇ ಆಫ್ ಆಗಿತ್ತಾ?"

"ಹೂಂ, ಬೇಸ್‌ಮೆಂಟ್ ಮೆಟ್ಟಿಲ ಪಕ್ಕದ್ದು. ನೀವು ಹೇಳದಿದ್ರೆ ರಿಪೇರಿಯವನನ್ನ ಕರೆಸ್ತಿದ್ವಿ. ಆನ್ ಮಾಡಿದ್ದೇ ತಡ, ಬಿಸಿಗಾಳಿ ಬಂತು."

"ಅತ್ತೆ ಲೈಟ್ ಅಂದ್ಕೊಂಡು ಆರಿಸಿರ್ತಾರೆ. ನಮ್ಮಮ್ಮ ಊರಿಂದ ಬಂದಾಗಲೂ ಹೀಗೇ ಆಗಿತ್ತು."

"ಹೌದು ಆಂಟಿ, ಕಂಡ ಸ್ವಿಚ್ಚೆಲ್ಲ ಆರಿಸ್ತಾರೆ, ಸುಮ್ನೆ ಕರೆಂಟ್ ದಂಡ ಅಂತ."

"ಅವರಿಂದಲೇ ಆಗಿದ್ದು ಅಂತ ಹೇಳಿದ್ಯಾ?"

"ಇಲ್ಲ. ಸ್ವಿಚ್ ಮೇಲೆ ಟೇಪ್ ಅಂಟಿಸಿದೀನಿ."

"ಒಳ್ಳೇದು ಮಾಡ್ದೆ. ನಮ್ಮನೆಯವರು ಹೇಳ್ಬಿಟ್ರು. ಆಮೇಲೆ ನಮ್ಮಮ್ಮ ಬಾತ್‌ರೂಮ್ ಲೈಟ್ ಹಾಕೋಕೂ ನನ್ನ ಕೇಳೋರು."

ಡಬ್ಬಿಯನ್ನು ಎದೆಗವಚಿಕೊಂಡು ಆಕೆ ಕೌಂಟರಿಗೆ ನಡೆದರು.